ಜುಲೈನಿಂದ ನಾನು ನಮ್ಮ ರೋಟರಿ ಕ್ಲಬ್ ಅಧ್ಯಕ್ಷ. ಮೀಟಿಂಗ್ ಆದ ಮೇಲೆ ಎಲ್ಲರೂ ಸೇರಿ ಮಾಡುವ ಫೆಲೋಶಿಪ್ ಊಟ ನಿಲ್ಲಿಸಿ ಆ ದುಡ್ಡನ್ನೆಲ್ಲ ಸೇವೆಗೆ ಹಾಕಬೇಕು ಅಂತಿದ್ದೇನೆ. ನಾಲ್ಕು ಜನ ಬರೀ ಊಟಕ್ಕೇ ಬರುತ್ತಾರೆ. ಸರಿಯಾ?

ನಿಲ್ಲಿಸಬೇಡಿ. ನಾನು ನಿಲ್ಲಿಸಿದ್ದೆ, ಅದಕ್ಕೇ ಹೇಳುತ್ತಿದ್ದೇನೆ.

ನಮ್ಮದು ಮಲೆನಾಡಿನ ಒಂದು ತಾಲೂಕು ಊರು. ಬಸ್ ಸ್ಟ್ಯಾಂಡ್ ಪಕ್ಕ ನನ್ನ ಮೆಡಿಕಲ್ ಶಾಪ್ ಇದೆ. 2019ರ ಜುಲೈ 1ರಿಂದ 2020ರ ಜೂನ್ 30ರವರೆಗೆ ನಮ್ಮ ಕ್ಲಬ್ಬಿಗೆ ನಾನು ಅಧ್ಯಕ್ಷೆ. ಆಗ 31 ಸದಸ್ಯರು, ಅದರಲ್ಲಿ ಹೆಂಗಸರು ಮೂವರೇ. ರೋಟರಿ ಹೆಂಗಸರಿಗೆ ಬಾಗಿಲು ತೆರೆದದ್ದೇ 1989ರಲ್ಲಿ. ನಮ್ಮ ಊರಿಗೆ ಆ ಗಾಳಿ ಬರಲು ಇನ್ನೂ ಇಪ್ಪತ್ತು ವರ್ಷ ಹಿಡಿಯಿತು. ನಮ್ಮಲ್ಲಿ ಅಧ್ಯಕ್ಷರು ಕೊರಳಿಗೆ ಹಾಕುವ ಕಾಲರ್ ಹಾಕಿದ ಮೊದಲ ಹೆಂಗಸು ನಾನು. ಏನಾದರೂ ಮಾಡಿ ತೋರಿಸಲೇಬೇಕು ಅನ್ನುವ ಹಟ ಸ್ವಲ್ಪ ಜಾಸ್ತಿಯೇ ಇತ್ತು.

ನಿಮ್ಮ ಹಾಗೆ ನಾನೂ ಲೆಕ್ಕ ಹಾಕಿದ್ದೆ. ತಿಂಗಳಿಗೆ ಎರಡು ಮೀಟಿಂಗ್. ಬರುವವರು ಸುಮಾರು 28 ಜನ. ತಲೆಗೆ 150 ರೂಪಾಯಿ ಊಟ. ಒಂದು ಸಲಕ್ಕೆ 4,200, ತಿಂಗಳಿಗೆ 8,400, ವರ್ಷಕ್ಕೆ 1,00,800. ಒಂದಕ್ಕೆ 4,500ರ ಹಾಗೆ ಸರ್ಕಾರಿ ಶಾಲೆಗೆ 22 ಡೆಸ್ಕ್ ಬರುತ್ತವೆ. ಮಕ್ಕಳು ನೆಲದ ಮೇಲೆ ಬಗ್ಗಿ ಕೂತು ಬರೆಯುವಾಗ ನಾವು ಇಲ್ಲಿ ಹೋಳಿಗೆ ತಿನ್ನುವುದು ಯಾವ ನ್ಯಾಯ ಅಂತ ಅನಿಸಿತ್ತು. ಮನೆಯಲ್ಲಿ ಎರಡೆರಡು ಸಲ ಕೂಡಿ ನೋಡಿದೆ. ಕೂಡಿದ್ದರಲ್ಲಿ ತಪ್ಪಿರಲಿಲ್ಲ.

ಜುಲೈ ಮೊದಲ ಮೀಟಿಂಗ್. ಹೊರಗೆ ಜಡಿಮಳೆ. ಹಾಲಿನ ಹಿಂದಿನ ಕೋಣೆಯಿಂದ ಪತ್ರೊಡೆ ಬೇಯುವ ವಾಸನೆ ಬರುತ್ತಿತ್ತು. ಊಟದ ವ್ಯವಸ್ಥೆ ಹನ್ನೊಂದು ವರ್ಷದಿಂದ ಒಬ್ಬರದ್ದೇ. ಶಾಮಿಯಾನ ಮತ್ತು ಪಾತ್ರೆ ಬಾಡಿಗೆಗೆ ಕೊಡುವವರು. ನಾವೆಲ್ಲ ಅಣ್ಣ ಅಂತ ಕರೆಯುತ್ತೇವೆ. ಆ ದಿನದ ಕೆಸುವಿನ ಎಲೆ ಅವರ ತೋಟದ್ದು. ಮಳೆಯಲ್ಲಿ ಛತ್ರಿ ಹಿಡಿದು ಅವರೇ ಕೊಯ್ದು ತಂದಿದ್ದರು.

ನಾನು ಗಂಟೆ ಬಾರಿಸಿದೆ. ಫೋರ್ ವೇ ಟೆಸ್ಟ್, ಅಂದರೆ ರೋಟರಿಯವರು ತಮ್ಮನ್ನೇ ಕೇಳಿಕೊಳ್ಳುವ ನಾಲ್ಕು ಪ್ರಶ್ನೆ, ಎಲ್ಲರಿಂದ ಹೇಳಿಸಿದೆ. ಆಮೇಲೆ ಎದ್ದು ನಿಂತು, "ಇದೇ ಕೊನೆಯ ಊಟ. ಮುಂದಿನ ಸಲದಿಂದ ಟೀ, ಬಿಸ್ಕತ್ತು ಮಾತ್ರ. ನಾವು ಇಲ್ಲಿಗೆ ತಿನ್ನಲು ಬಂದವರಲ್ಲ, ಸೇವೆ ಮಾಡಲು ಬಂದವರು" ಅಂದೆ. ಚಪ್ಪಾಳೆ ಬಂತು. ಬಾಗಿಲ ಹತ್ತಿರ ಅಣ್ಣ ಸೌಟು ಹಿಡಿದು ನಿಂತಿದ್ದರು. ಏನೂ ಮಾತಾಡಲಿಲ್ಲ. ಎಲ್ಲರಿಗೂ ಬಡಿಸಿದರು. ನನ್ನ ತಟ್ಟೆಗೆ ಒಂದು ಪತ್ರೊಡೆ ಜಾಸ್ತಿ ಇಟ್ಟು, ಮೇಲೆ ಕೊಬ್ಬರಿ ಎಣ್ಣೆ ಬಿಟ್ಟರು.

ಇಲ್ಲಿ ನಾನು ಮಾಡಿದ ತಪ್ಪನ್ನು ಬಿಡಿಸಿ ಹೇಳುತ್ತೇನೆ. ನನಗೇ ಅದು ಅರ್ಥವಾಗಲು ತಿಂಗಳುಗಳು ಬೇಕಾದವು. ಡೆಸ್ಕ್ ಕೊಡಿಸಬೇಕು ಅಂದುಕೊಂಡದ್ದರಲ್ಲಿ ತಪ್ಪಿಲ್ಲ. ಬೋರ್ಡ್ ಮೀಟಿಂಗಿನಲ್ಲಿ ವಿಷಯ ಇಡದೆ, ಅಣ್ಣನಿಗೆ ಒಂದು ಫೋನ್ ಕೂಡ ಮಾಡದೆ, ಅವರು ಅಡುಗೆ ಮಾಡಿಟ್ಟ ದಿನವೇ ಎಲ್ಲರ ಮುಂದೆ ಹಾಗೆ ಹೇಳಿದ್ದು ತಪ್ಪು. ಅದು ಕಣ್ಣಿಗೆ ಕಾಣುವ ತಪ್ಪು, ಕ್ಷಮೆ ಕೇಳಿದರೆ ಅರ್ಧ ಸರಿಹೋಗುತ್ತದೆ. ಅದರ ಕೆಳಗೆ ಇನ್ನೊಂದಿತ್ತು. ನಮ್ಮ ಮೀಟಿಂಗ್ ಇರುವುದು ಮುಕ್ಕಾಲು ಗಂಟೆ. ಅದರಲ್ಲಿ ಮಾತಾಡುವವರು ಅಧ್ಯಕ್ಷರು, ಸೆಕ್ರೆಟರಿ, ಅತಿಥಿ. ಉಳಿದವರು ಮಾತಾಡುವುದು ಕೈಗೆ ತಟ್ಟೆ ಬಂದ ಮೇಲೆ. "ನಮ್ಮ ಬೀದಿ ಕೊನೆ ಮನೆ ಅಜ್ಜ ಬಿದ್ದು ಸೊಂಟ ಮುರಿದುಕೊಂಡರು, ಒಂದು ವೀಲ್‌ಚೇರ್ ಸಿಗುತ್ತಾ?" ಅಂತ ಯಾರೋ ಕೇಳುವುದು ಸಾರು ಹಾಕಿಸಿಕೊಳ್ಳುವಾಗ. ಕಾಲೇಜು ಫೀಸ್ ಕಟ್ಟಲು ಆಗದ ಹುಡುಗಿಯ ವಿಷಯ ಬರುವುದು ಮಜ್ಜಿಗೆ ಹೊತ್ತಿಗೆ. ಬೇಲಿ ಜಗಳಕ್ಕೆ ಮಾತು ಬಿಟ್ಟ ಇಬ್ಬರು ಸದಸ್ಯರಿದ್ದರು. ಅವರೂ ಅನ್ನದ ಸಾಲಿನಲ್ಲಿ ಒಬ್ಬರ ಹಿಂದೆ ಒಬ್ಬರು ನಿಲ್ಲುತ್ತಿದ್ದರು. ಹಿಂದಿನ ವರ್ಷಗಳ ಮಿನಿಟ್ಸ್ ಪುಸ್ತಕ ತೆಗೆದು ನೋಡಿದರೆ, ನಮ್ಮ ಒಳ್ಳೆಯ ಕೆಲಸಗಳೆಲ್ಲ ಶುರುವಾದದ್ದು ಆ ಊಟದ ಹೊತ್ತಿನಲ್ಲಿ. ಪುಸ್ತಕದಲ್ಲಿ ಅದು ಬರೆದಿರುವುದಿಲ್ಲ, ಅಲ್ಲಿದ್ದವರಿಗೆ ಗೊತ್ತು. ನಾನು ಆ ಊಟದ ಹೊತ್ತನ್ನು ಬರೀ 150 ರೂಪಾಯಿ ಅಂತ ಓದಿಕೊಂಡೆ.

ಫೋರ್ ವೇ ಟೆಸ್ಟ್ ನೀವೂ ಪ್ರತಿ ಮೀಟಿಂಗಿನಲ್ಲಿ ಹೇಳುತ್ತೀರಿ. ಶಿಕಾಗೋದ ಉದ್ಯಮಿ, ರೋಟರಿ ಸದಸ್ಯ ಹರ್ಬರ್ಟ್ ಟೇಲರ್ 1932ರಲ್ಲಿ ಬರೆದ ನಾಲ್ಕು ಪ್ರಶ್ನೆಗಳು. ಮೂರನೆಯದು ಏನು ಹೇಳಿ? ಇದರಿಂದ ಸದ್ಭಾವನೆ, ಒಳ್ಳೆಯ ಸ್ನೇಹ ಬೆಳೆಯುತ್ತದೆಯೇ? ಅದನ್ನು ಹೇಳಿಸಿ ಹತ್ತು ನಿಮಿಷ ಆಗಿರಲಿಲ್ಲ, ಊಟ ರದ್ದು ಅಂದಿದ್ದೆ.

ಮುಂದಿನ ಮೀಟಿಂಗಿಗೆ 19 ಜನ ಬಂದರು. ಅದರ ಮುಂದಿನದಕ್ಕೆ 12. ಮಳೆ ಅಂದುಕೊಂಡೆ.

ಆಗಸ್ಟ್ ಎರಡನೇ ವಾರ ಬಂತು. 2019ರ ಆ ಮಳೆ ನಿಮಗೂ ನೆನಪಿರಬೇಕು. ಮೂಡಿಗೆರೆ ಕಡೆ ಗುಡ್ಡ ಜರಿದಿತ್ತು. ಬೆಳಗಾವಿ, ಬಾಗಲಕೋಟೆ ಕಡೆ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಊರೂರನ್ನೇ ಮುಳುಗಿಸಿದ್ದವು. ನಮ್ಮಲ್ಲಿ ಹೊಳೆ ದಡದ ಎರಡು ಕೇರಿಗೆ ರಾತ್ರಿ ನೀರು ನುಗ್ಗಿತು. ಒಂಬತ್ತು ಗಂಟೆಗೆ ಫೋನ್ ಬಂತು. ಶಾಲೆಯಲ್ಲಿ 140 ಜನರನ್ನು ತಂದು ಬಿಟ್ಟಿದ್ದೇವೆ, ಚಾಪೆ, ಹೊದಿಕೆ, ಊಟಕ್ಕೆ ರೋಟರಿಯವರು ಏನಾದರೂ ಮಾಡಿ ಅಂತ.

ಗ್ರೂಪಿಗೆ ಮೆಸೇಜ್ ಹಾಕಿದೆ. ನೀಲಿ ಟಿಕ್ ಒಂದೊಂದಾಗಿ ಬಂತು. ಬಂದವರು ಐದು ಜನ. ಹಿಂದೆ ಇದೇ ಕ್ಲಬ್ಬಿನಲ್ಲಿ ರಾತ್ರಿ ಹನ್ನೊಂದಕ್ಕೆ ರಕ್ತ ಬೇಕು ಅಂದರೆ ಎಂಟು ಜನ ಜೀಪಿನಲ್ಲಿ ಶಿವಮೊಗ್ಗಕ್ಕೆ ಹೋದದ್ದನ್ನು ನಾನೇ ನೋಡಿದ್ದೆ.

ಅಡುಗೆಗೆ ದೊಡ್ಡ ಪಾತ್ರೆ, ಒಲೆ ಬೇಕಿತ್ತು. ಅದು ಯಾರ ಹತ್ತಿರ ಇದೆ ಅಂತ ನನಗೆ ಗೊತ್ತಿತ್ತು. ಫೋನ್ ಕೈಯಲ್ಲಿ ಹಿಡಿದುಕೊಂಡೇ ಇದ್ದೆ. ಕರೆ ಮಾಡಲು ಮುಖ ಬರಲಿಲ್ಲ. ಬೇಕರಿಯವರನ್ನು ಎಬ್ಬಿಸಿ ಬನ್ನು, ಬಿಸ್ಕತ್ತು ತಂದೆವು. ಒದ್ದೆ ಬಟ್ಟೆಯಲ್ಲಿ ಕೂತಿದ್ದ ಒಬ್ಬ ಅಜ್ಜಿಗೆ ನಾನೇ ಬನ್ನು ಕೊಟ್ಟೆ. ಅವರಿಗೆ ಹಲ್ಲಿರಲಿಲ್ಲ. ನೀರಿನಲ್ಲಿ ಅದ್ದಿ ಅದ್ದಿ ತಿಂದು, "ಒಂದು ತುತ್ತು ಬಿಸಿ ಗಂಜಿ ಸಿಗಬಹುದಾ ಮಗಾ?" ಅಂತ ಕೇಳಿದರು. ಬೆಳಿಗ್ಗೆ ಕೊಡ್ತೀವಿ ಅಂದೆ.

ಬೆಳಿಗ್ಗೆ ಆರಕ್ಕೆ ಅಣ್ಣನ ಟೆಂಪೊ ಶಾಲೆ ಅಂಗಳಕ್ಕೆ ಬಂತು. ಹೆಡ್‌ಮಿಸ್ ಫೋನ್ ಮಾಡಿದ್ದರಂತೆ. ಎರಡು ಕೊಳಗ, ಗ್ಯಾಸ್ ಒಲೆ, ಅಕ್ಕಿ ಮೂಟೆ, ಮೂವತ್ತು ಜಮಖಾನ. ಇಳಿಸುತ್ತಾ ನನ್ನ ಕಡೆ ನೋಡಿ, "ರಾತ್ರಿನೇ ಹೇಳಬಾರದಿತ್ತಾ? ಗಂಜಿಗೆ ಮುಕ್ಕಾಲು ಗಂಟೆ ಸಾಕು" ಅಂದರು. ಅಷ್ಟೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆ ತಿಂಗಳ ಕೊನೆಗೆ ಆರು ಜನ ಕ್ಲಬ್ ಬಿಟ್ಟರು. ಆಗ ನಮ್ಮಲ್ಲಿ ಡ್ಯೂಸ್, ಅಂದರೆ ಸದಸ್ಯರ ಚಂದಾ, ವರ್ಷಕ್ಕೆ 5,000 ಇತ್ತು. ಊಟದಲ್ಲಿ ಉಳಿಸಿದ್ದು ಅಲ್ಲಿ ಸೋರಿತು. ಅವರ ಜೊತೆ ಹೋದ ಜೀಪು, ಜನರೇಟರ್, ಪ್ರಿಂಟಿಂಗ್ ಪ್ರೆಸ್ಸಿನ ಸಹಾಯಕ್ಕೆ ನನ್ನ ಲೆಕ್ಕದಲ್ಲಿ ಕಾಲಮ್ಮೇ ಇರಲಿಲ್ಲ.

ನಮ್ಮ ಕ್ಲಬ್ಬಿನ ಹಿರಿಯ ಸದಸ್ಯರೊಬ್ಬರು ಡಾಕ್ಟರ್. 1995ರಲ್ಲಿ ಪಲ್ಸ್ ಪೋಲಿಯೊ ಶುರುವಾದಾಗಿನಿಂದ ಪ್ರತಿ ವರ್ಷ ಬೂತಿನಲ್ಲಿ ಕೂತವರು. ಅವರು ಅಂಗಡಿಗೆ ಬಂದು ಕೌಂಟರ್ ಪಕ್ಕದ ಸ್ಟೂಲಿನಲ್ಲಿ ಕೂತು ನನಗೊಂದು ವಿಷಯ ಹೇಳಿದರು. 1905ರ ಫೆಬ್ರವರಿ 23ರಂದು ಶಿಕಾಗೋದಲ್ಲಿ ನಾಲ್ಕು ಜನ ಒಂದು ಆಫೀಸಿನಲ್ಲಿ ಸೇರಿದರು. ಕರೆದವರು ಪಾಲ್ ಹ್ಯಾರಿಸ್ ಅನ್ನುವ ವಕೀಲರು. ದೊಡ್ಡ ಊರಿಗೆ ಬಂದು ಒಂಟಿಯಾಗಿದ್ದವರು. ಅವರಿಗೆ ಬೇಕಿದ್ದದ್ದು ಗೆಳೆಯರು. ಒಂದು ವಾರ ಒಬ್ಬರ ಆಫೀಸು, ಇನ್ನೊಂದು ವಾರ ಇನ್ನೊಬ್ಬರದ್ದು, ಹೀಗೆ ಸುತ್ತು ಬರುತ್ತಿದ್ದರು. ಅದಕ್ಕೇ ರೋಟರಿ ಅಂತ ಹೆಸರು. ಊರಿಗಾಗಿ ಒಂದು ಕೆಲಸ ಅಂತ ಕೈ ಹಾಕಿದ್ದು 1907ರಲ್ಲಿ, ಅದೂ ಸಾರ್ವಜನಿಕ ಶೌಚಾಲಯಕ್ಕಾಗಿ. "ಎರಡು ವರ್ಷ ಅವರು ಬರೀ ಸ್ನೇಹ ಮಾಡಿದ್ರು ಕಣಮ್ಮ. ನೀನು ಎರಡನೇ ಮೆಟ್ಟಿಲಿಂದ ಹತ್ತೋಕೆ ಹೋದೆ" ಅಂದರು.

ಅವತ್ತು ಸಂಜೆಯೇ ಅಂಗಡಿ ಬೇಗ ಮುಚ್ಚಿ ಅಣ್ಣನ ಮನೆಗೆ ಹೋದೆ. ತಪ್ಪಾಯಿತು ಅಂದೆ. ಅವರು ಊಟ ಮಾಡಿಸಿಯೇ ಕಳಿಸಿದರು. ಹನ್ನೊಂದು ವರ್ಷ ಅವರು ತಲೆಗೆ 150 ಅಂತ ಬರೆಸಿ, ಮೇಲಿನದನ್ನು ಕೈಯಿಂದ ಹಾಕುತ್ತಿದ್ದರು ಅಂತ ನನಗೆ ಗೊತ್ತಾದದ್ದು ಅವರ ಹೆಂಡತಿ ಹೇಳಿದ ಮೇಲೆ.

ಸೆಪ್ಟೆಂಬರ್‌ನಿಂದ ಫೆಲೋಶಿಪ್ ಮತ್ತೆ ಶುರುವಾಯಿತು, ಸ್ವಲ್ಪ ಬೇರೆ ರೀತಿಯಲ್ಲಿ. ತಿಂಗಳ ಒಂದು ಮೀಟಿಂಗ್ ಹಾಲಿನಲ್ಲಿ, ಅಣ್ಣನ ಅಡುಗೆ. ಇನ್ನೊಂದು ಸದಸ್ಯರ ಮನೆಯಲ್ಲಿ, ಸರದಿ ಪ್ರಕಾರ. ಅನ್ನ, ಸಾರು, ಒಂದು ಪಲ್ಯ, ಅಷ್ಟೇ. ಅದಕ್ಕಿಂತ ಜಾಸ್ತಿ ಮಾಡಬಾರದು ಅಂತ ನಿಯಮ, ಇಲ್ಲದಿದ್ದರೆ ಒಬ್ಬರಿಗಿಂತ ಒಬ್ಬರು ಪೈಪೋಟಿ ಮಾಡುತ್ತಾರೆ. ಕುಡಿತ ಬೇಡ ಅಂತಲೂ ಗಟ್ಟಿಯಾಗಿ ಹೇಳಿದೆ. ಬಾಟಲಿ ಬಂದ ಕಡೆ ಹೆಂಗಸರು, ಮಕ್ಕಳು ದೂರ ಆಗುತ್ತಾರೆ, ಆಮೇಲೆ ಅದು ಫೆಲೋಶಿಪ್ ಆಗಿ ಉಳಿಯುವುದಿಲ್ಲ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಡೆಸ್ಕಿನ ದುಡ್ಡಿಗೆ ಬೇರೆ ಕಡೆ ಕತ್ತರಿ ಹಾಕಿದೆವು. ಶಾಲು, ಹಾರ, ಹಣ್ಣಿನ ಬುಟ್ಟಿ, ಮೊಮೆಂಟೊ, ಫ್ಲೆಕ್ಸ್. ಒಂದು ಪದಗ್ರಹಣಕ್ಕೆ, ರೋಟರಿ ಜಿಲ್ಲೆಯ ಗವರ್ನರ್‌ ಒಂದು ಸಲ ವಿಸಿಟ್‌ಗೆ ಬಂದರೆ ಇದಕ್ಕೆ ಎಷ್ಟು ಹೋಗುತ್ತದೆ ಅಂತ ನಿಮ್ಮ ಟ್ರೆಷರರ್ ಹತ್ತಿರ ಕೇಳಿ ನೋಡಿ. ನಿಮಗೆ ಏನಾದರೂ ನಿಲ್ಲಿಸಲೇಬೇಕು ಅಂತಿದ್ದರೆ ಅದನ್ನು ನಿಲ್ಲಿಸಿ. ನಮಗೆ ಆ ವರ್ಷ 14 ಡೆಸ್ಕ್ ಆಯಿತು. 22 ಆಗಲಿಲ್ಲ.

ಮನೆ ಮನೆ ಮೀಟಿಂಗಿನ ಬೆಲೆ ಗೊತ್ತಾದದ್ದು ಆಮೇಲೆ. ಚಳಿಗಾಲದಲ್ಲಿ ನಮ್ಮ ಕಡೆ ಮಂಗನ ಕಾಯಿಲೆಯ ಭಯ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಕಂಡ ರೋಗ, ಉಣುಗಿನಿಂದ ಹರಡುತ್ತದೆ. ಹಿಂದಿನ ವರ್ಷವಷ್ಟೇ ಸಾಗರ ತಾಲೂಕಿನ ಅರಳಗೋಡು ಕಡೆ ಜನ ಸತ್ತಿದ್ದರು. ದರಗು (ಒಣಗಿದ ಎಲೆ) ತರಲು ಕಾಡಿಗೆ ಹೋಗುವವರಿಗೆ ಮೈಗೆ ತೈಲ ಹಚ್ಚಿಕೊಂಡು ಹೋಗಿ, ಬಂದ ಮೇಲೆ ಬಿಸಿನೀರು ಸ್ನಾನ ಮಾಡಿ ಅಂತ ಹೇಳಲು ಇಬ್ಬಿಬ್ಬರಾಗಿ ಹಳ್ಳಿಗೆ ಹೋದೆವು. ಬೇಲಿ ಜಗಳದ ಆ ಇಬ್ಬರು ಒಂದೇ ಸ್ಕೂಟರಿನಲ್ಲಿ ಹೋದರು. ನಾನು ಜೋಡಿ ಮಾಡಿದ್ದಲ್ಲ, ಅವರೇ ಹೊರಟರು.

ಮಾರ್ಚ್ 25ಕ್ಕೆ ಲಾಕ್‌ಡೌನ್ ಬಂತು. ನಮ್ಮ ಕಡೆ ಅಡಿಕೆ ತೋಟದ ಮನೆಗಳಲ್ಲಿ ವಯಸ್ಸಾದವರೇ ಜಾಸ್ತಿ. ಮಕ್ಕಳು ಬೆಂಗಳೂರಿನಲ್ಲಿ, ಅಮೆರಿಕದಲ್ಲಿ. ಬಸ್ಸಿಲ್ಲ, ಮಾತ್ರೆ ಮುಗಿಯುತ್ತಿದೆ. ನನ್ನ ಅಂಗಡಿ ತೆರೆದಿರಲು ಅವಕಾಶವಿತ್ತು. ಟೆಕ್ಸಾಸಿನಿಂದ ಒಬ್ಬ ಮಗ ನಡುರಾತ್ರಿ ಫೋನ್ ಮಾಡಿ, ಅಮ್ಮನ ಇನ್ಸುಲಿನ್ ಎರಡೇ ದಿನಕ್ಕಿದೆ ಅಂತ ಅತ್ತ. ಆ ಮನೆಗೆ ಹೋಗುವ ದಾರಿ, ನಾಯಿ ಕಟ್ಟಿದೆಯೋ ಇಲ್ಲವೋ, ಅಮ್ಮನಿಗೆ ಕಿವಿ ಕೇಳಿಸುವುದಿಲ್ಲ ಅನ್ನುವುದು, ಎಲ್ಲ ನಮ್ಮವರೊಬ್ಬರಿಗೆ ಗೊತ್ತಿತ್ತು. ನವೆಂಬರಿನ ಮೀಟಿಂಗ್ ಅದರ ಪಕ್ಕದ ಮನೆಯಲ್ಲೇ ಆಗಿತ್ತು, ಅವತ್ತು ಆ ಅಮ್ಮನೂ ಊಟಕ್ಕೆ ಬಂದಿದ್ದರು. ಐಸ್ ಹಾಕಿದ ಫ್ಲಾಸ್ಕಿನಲ್ಲಿ ಇನ್ಸುಲಿನ್ ಇಟ್ಟುಕೊಂಡು ನಮ್ಮ ಆ ಸದಸ್ಯರು ಬೆಳಿಗ್ಗೆ ಏಳಕ್ಕೆ ಹೊರಟರು. ಜೂನ್‌ವರೆಗೆ ಹೀಗೆ 43 ಮನೆಗೆ ಮಾತ್ರೆ ಮುಟ್ಟಿಸಿದೆವು. ಗ್ರೂಪಿನಲ್ಲಿ ಮೆಸೇಜ್ ಹಾಕಿದರೆ ಹತ್ತು ನಿಮಿಷದಲ್ಲಿ ಯಾರಾದರೂ "ನಾನು ಹೋಗ್ತೀನಿ" ಅನ್ನುತ್ತಿದ್ದರು.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಸೇವೆಗೆ ಇಷ್ಟು, ಫೆಲೋಶಿಪ್ಪಿಗೆ ಇಷ್ಟು ಅಂತ ಎರಡು ಡಬ್ಬಿ ಮಾಡಿ, ಒಂದರಿಂದ ತೆಗೆದು ಇನ್ನೊಂದಕ್ಕೆ ಹಾಕುತ್ತೇನೆ ಅನ್ನುತ್ತಿದ್ದೀರಿ. ಸೇವೆ ಮಾಡುವ ಕೈಗಳು ಬರುವುದೇ ಆ ಇನ್ನೊಂದು ಡಬ್ಬಿಯಿಂದ. ನಿಮ್ಮ ಕ್ಲಬ್ಬಿನಲ್ಲಿ ಬರೀ ಊಟಕ್ಕೆ ಬರುತ್ತಾರೆ ಅಂತ ನೀವು ಬರೆದಿರುವ ಆ ನಾಲ್ಕು ಜನರ ಪಕ್ಕ ಒಂದು ದಿನ ತಟ್ಟೆ ಹಿಡಿದು ಕೂತು ನೋಡಿ. ಅವರಿಗೆ ಯಾವ ಕೆಲಸ ಬರುತ್ತದೆ ಅಂತ ಕೇಳಿ. ನಿಮ್ಮ ಕ್ಲಬ್ಬಿನಲ್ಲೂ ಊಟದ ವ್ಯವಸ್ಥೆ ನೋಡಿಕೊಳ್ಳುವವರು ಒಬ್ಬರು ಇದ್ದೇ ಇರುತ್ತಾರೆ. ಪದಗ್ರಹಣಕ್ಕೆ ಮೊದಲು ಅವರ ಮನೆಗೆ ಹೋಗಿ ಬನ್ನಿ.

ಬಿಟ್ಟು ಹೋದ ಆರು ಜನರಲ್ಲಿ ನಾಲ್ವರು ವಾಪಸ್ ಬಂದರು. ಇಬ್ಬರು ಬರಲಿಲ್ಲ. ಅವರಲ್ಲಿ ಒಬ್ಬರು ತಿಂಗಳಿಗೊಮ್ಮೆ ನನ್ನ ಅಂಗಡಿಗೆ ಬಿಪಿ ಮಾತ್ರೆಗೆ ಬರುತ್ತಾರೆ. ಚೀಟಿ ಕೊಡುತ್ತಾರೆ, ದುಡ್ಡು ಕೊಡುತ್ತಾರೆ, ಹೋಗುತ್ತಾರೆ. ಕ್ಲಬ್ಬಿನ ಮಾತು ಇಬ್ಬರೂ ಎತ್ತುವುದಿಲ್ಲ. ಈ ಸಲದ ಪದಗ್ರಹಣದ ಕಾರ್ಡನ್ನು ಅವರ ಮನೆಗೆ ನಾನೇ ತೆಗೆದುಕೊಂಡು ಹೋಗುತ್ತೇನೆ.