ತಂತಿ ಇಯರ್‌ಫೋನ್‌ನ ಡಬ್ಬಿಯನ್ನೂ ಜೊತೆಗೆ ಬರುವ ಸಾಮಾನುಗಳನ್ನೂ ನೋಡಿ ಗುಣಮಟ್ಟ ಹೇಳಬಹುದೇ?

ಮೂರು ಸಾವಿರ ರೂಪಾಯಿಯೊಳಗಿನ ಎರಡು ಇಯರ್‌ಫೋನ್‌ಗಳಲ್ಲಿ ಒಂದಕ್ಕೆ ಆಯಸ್ಕಾಂತದ ಮುಚ್ಚಳವಿರುವ ದೊಡ್ಡ ಡಬ್ಬಿ, ಚರ್ಮದಂಥ ಚೀಲ ಮತ್ತು ಕಿವಿಯೊಳಗೆ ಕೂರುವ ಮೆತ್ತನೆಯ ತುದಿಗಳಾದ ಒಂಬತ್ತು ಜೊತೆ ಇಯರ್‌ಟಿಪ್‌ಗಳಿವೆ, ಇನ್ನೊಂದಕ್ಕೆ ಸಣ್ಣ ರಟ್ಟಿನ ಪೆಟ್ಟಿಗೆ ಮತ್ತು ಮೂರೇ ಜೊತೆ ಎಂದು ಬರೆದಿದ್ದೀರಿ. 2019ರ ದಸರೆಯ ಹೊತ್ತಿಗೆ ನನ್ನೆದುರಿಗೂ ಹೆಚ್ಚುಕಡಿಮೆ ಇಂಥವೇ ಎರಡು ಇದ್ದವು. ಡಬ್ಬಿಗೆ ಇಷ್ಟು ಖರ್ಚು ಮಾಡಿದವರು ಒಳಗಿನ ವಸ್ತುವಿಗೂ ಅಷ್ಟೇ ಮುತುವರ್ಜಿ ವಹಿಸಿರುತ್ತಾರೆ ಎಂದು ನಂಬಿ ನಾನು ದೊಡ್ಡದನ್ನೇ ಕೊಂಡೆ.

ಮುಚ್ಚಳ ತೆಗೆದರೆ ಕಪ್ಪು ಸ್ಪಂಜಿನಲ್ಲಿ ಕೊರೆದ ಎರಡು ಕುಳಿಗಳಲ್ಲಿ ಇಯರ್‌ಫೋನ್‌ಗಳು ಕೂತಿದ್ದವು. ಅದರ ಕೆಳಗಿನ ಪದರದಲ್ಲಿ, ಅಂಗಡಿಯವರು ರಬ್ಬರ್ ಎಂದು ಕರೆಯುವ ಇಯರ್‌ಟಿಪ್‌ಗಳು ಸಾಲಾಗಿದ್ದವು. ನಾನು ಅವನ್ನು ಎಣಿಸಿದೆ, ಒಂಬತ್ತು ಜೊತೆ ಇವೆ ಎಂದು ಸಂತೋಷಪಟ್ಟೆ, ಮುಚ್ಚಳ ಹಾಕಿ ಕಪಾಟಿನಲ್ಲಿಟ್ಟೆ. ಕಂಪನಿಯವರೇ ಜೋಡಿಸಿ ಕಳಿಸಿದ್ದ ಮಧ್ಯಮ ಅಳತೆಯ ಜೊತೆಯನ್ನು ಹತ್ತು ತಿಂಗಳು ಬದಲಾಯಿಸಲೇ ಇಲ್ಲ.

ಈ ತಪ್ಪನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಮಾಡುವಾಗ ಅದು ತಪ್ಪೆಂದು ಅನ್ನಿಸುವುದೇ ಇಲ್ಲ. ಜೋಡಿಸಿ ಬಂದದ್ದೇ ಸರಿಯಾದದ್ದು, ಉಳಿದವು ಕಳೆದುಹೋದರೆ ಇರಲಿ ಎಂದು ಕೊಟ್ಟದ್ದು ಎಂದು ನಾನು ತಿಳಿದಿದ್ದೆ. ಕಿವಿಯಿಂದ ಜಾರಿ ಬೀಳುತ್ತಿರಲಿಲ್ಲವಾದ್ದರಿಂದ ಅಳತೆ ಸರಿಯಾಗಿದೆ ಎಂದೂ ನಂಬಿದ್ದೆ. ಆದರೆ ಜಾರದೆ ನಿಲ್ಲುವುದೇ ಬೇರೆ, ಕಿವಿಯ ದ್ವಾರವನ್ನು ಗಾಳಿಯಾಡದಂತೆ ಮುಚ್ಚುವುದೇ ಬೇರೆ. ಇಂಥ ಇಯರ್‌ಫೋನ್‌ನಲ್ಲಿ ಟಿಪ್‌ಗೂ ಕಿವಿತಮಟೆಗೂ ನಡುವೆ ಮುಚ್ಚಿದ ಚಿಕ್ಕ ಗಾಳಿಯ ಕೋಣೆ ಉಂಟಾಗಬೇಕು. ಎಲ್ಲಾದರೂ ಸಂದು ಉಳಿದರೆ ಕೆಳಸ್ಥಾಯಿಯ ನಾದಕ್ಕೆ ಬೇಕಾದ ಗಾಳಿಯ ಒತ್ತಡ ಆ ಸಂದಿನಿಂದಲೇ ಸೋರಿಹೋಗುತ್ತದೆ, ತಾರಸ್ಥಾಯಿಯ ನಾದ ಮಾತ್ರ ಹಾಗೆಯೇ ಉಳಿಯುತ್ತದೆ. ನನಗೆ ಆದದ್ದೂ ಅದೇ: ತಬಲಾ ಕೇಳಿದರೆ ಬಲಗೈಯ ಚಾಟಿಪೆಟ್ಟುಗಳು ಕಿವಿಗೆ ಚುಚ್ಚುತ್ತಿದ್ದವು, ಎಡಗೈಯ ಡಗ್ಗಾದ ಗುಂಜು ಎಲ್ಲೋ ಪಕ್ಕದ ಮನೆಯಿಂದ ಬಂದಂತಿರುತ್ತಿತ್ತು.

ನಾನು ಧಾರವಾಡದಿಂದ ಹುಬ್ಬಳ್ಳಿಗೆ ದಿನವೂ ಬಸ್ಸಿನಲ್ಲಿ ಹೋಗಿಬರುತ್ತೇನೆ. ಬಸ್ಸಿನ ಗುಂಯ್‌ಗುಡುವ ಸದ್ದು ಅದೇ ಸಂದಿನಿಂದ ಒಳಗೆ ಬರುತ್ತಿದ್ದುದರಿಂದ ವಾಲ್ಯೂಮ್ ಏರಿಸುತ್ತಲೇ ಹೋದೆ. ರಾತ್ರಿ ಮಲಗಿದಾಗ ಕಿವಿಯಲ್ಲಿ ಸಣ್ಣಗೆ ಸಿಳ್ಳೆ ಕೇಳತೊಡಗಿತು. ವಯಸ್ಕರು 80 ಡೆಸಿಬಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆಗಿಂತ ಹೆಚ್ಚು ಕೇಳಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡ, ಮತ್ತು ಮಟ್ಟ ಏರಿದಂತೆ ಆ ಅವಧಿ ಬೇಗ ಬೇಗ ಕುಗ್ಗುತ್ತದೆ. ಕೊನೆಗೆ ಇಯರ್‌ಫೋನೇ ಕಳಪೆ ಎಂದು ತೀರ್ಮಾನಿಸಿ ಅದನ್ನು ತಂಗಿಗೆ ಕೊಟ್ಟು, ಆರೂವರೆ ಸಾವಿರ ಕೊಟ್ಟು ಬೇರೊಂದು ಕೊಂಡೆ.

ಮಧ್ಯಮ ಟಿಪ್ ತಂಗಿಯ ಕಿವಿಗೆ ಹೋಗಲೇ ಇಲ್ಲ. ಅವಳು ಡಬ್ಬಿ ಬಿಚ್ಚಿ ಎಲ್ಲಕ್ಕಿಂತ ಸಣ್ಣ ಜೊತೆಯನ್ನು ಹಾಕಿಕೊಂಡು ಕೇಳಿ, “ಅಣ್ಣಾ, ಇದು ಛಲೋ ಇಲ್ಲ ಅಂದಿದ್ದೆಲ್ಲ, ಡಗ್ಗಾ ಎದೀಗೆ ಬಡದಂಗ ಕೇಳತೈತಿ” ಎಂದಳು. ನಂಬದೆ ಇಸಿದುಕೊಂಡು ನಾನೂ ಒಂದೊಂದೇ ಟಿಪ್ ಬದಲಿಸಿ ನೋಡಿದೆ. ನನ್ನ ಎಡಗಿವಿಗೆ ಮಧ್ಯಮ ಸಾಕು, ಬಲಗಿವಿಗೆ ದೊಡ್ಡದು ಬೇಕು. ಎರಡು ಕಿವಿಗಳ ಅಳತೆ ಒಂದೇ ಇರಬೇಕೆಂದಿಲ್ಲ ಎಂಬುದು ನನಗೆ ಆ ಸಂಜೆಯವರೆಗೆ ಹೊಳೆದಿರಲಿಲ್ಲ. ಇನ್ನೂ ಒಂದು ಸಂಗತಿ ಕಣ್ಣಿಗೆ ಬಿತ್ತು: ಒಂಬತ್ತು ಜೊತೆ ಎಂದರೆ ಒಂಬತ್ತು ಅಳತೆಯಾಗಿರಲಿಲ್ಲ, ಅದೇ ಮೂರು ಅಳತೆಗಳನ್ನು ಮೂರು ಬಣ್ಣಗಳಲ್ಲಿ ಕೊಟ್ಟಿದ್ದರು.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಇಯರ್‌ಟಿಪ್ ಜೊತೆಗೆ ಬರುವ ಸಾಮಾನಲ್ಲ, ಅದು ವಾದ್ಯದ ಭಾಗ. ವೀಣೆಗೆ ತಂತಿಗಳನ್ನು ಹೊರುವ ಕುದುರೆಯಿದ್ದಂತೆ ಇದಕ್ಕೆ ಟಿಪ್. ಅದನ್ನು ಚೀಲ, ಕ್ಲಿಪ್, ಸ್ಟಿಕ್ಕರ್‌ಗಳ ಪಟ್ಟಿಯಲ್ಲಿ ಸೇರಿಸಿ ಅಂಕ ಕೊಡುವುದೇ ಸರಿಯಲ್ಲ. ಎಷ್ಟು ಜೊತೆ ಎಂದು ಕೇಳಬೇಡಿ, ಎಷ್ಟು ಅಳತೆ ಎಂದು ಕೇಳಿ. ಹಾಕಿಕೊಂಡ ಮೇಲೆ ಬೆರಳಿನಿಂದ ಮೆಲ್ಲಗೆ ಒಳಕ್ಕೆ ಒತ್ತಿ ನೋಡಿ. ಒತ್ತಿದಾಗ ಮಾತ್ರ ಕೆಳಸ್ಥಾಯಿ ತುಂಬಿಕೊಂಡು, ಬಿಟ್ಟೊಡನೆ ಹೋದರೆ ಆ ಕಿವಿಗೆ ಆ ಟಿಪ್ ಸರಿಯಿಲ್ಲ. ಯಾವ ಸಿಲಿಕೋನ್ ಟಿಪ್ಪೂ ಹೊಂದದಿದ್ದರೆ ಫೋಮ್‌ನದು ಕೊಳ್ಳಿ, ಅದನ್ನು ಬೆರಳಲ್ಲಿ ಹೊಸೆದು ಕಿವಿಗಿಟ್ಟು ಅದು ಉಬ್ಬುವವರೆಗೆ ಹಿಡಿದುಕೊಳ್ಳಬೇಕು. ಕೆಲವು ತಿಂಗಳಲ್ಲಿ ಅದು ಸವೆಯುತ್ತದೆ ಎಂಬುದು ನಿಜ, ಆದರೂ ನನ್ನ ಆರೂವರೆ ಸಾವಿರಕ್ಕಿಂತ ಅಗ್ಗ.

ಚೀಲದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಜೇಬಿಗೆ ಹಿಡಿಸದ ಚಂದದ ಚೀಲ ಮನೆಯಲ್ಲೇ ಉಳಿಯುತ್ತದೆ, ತಂತಿ ಮಾತ್ರ ಬ್ಯಾಗಿನ ತಳದಲ್ಲಿ ಸಿಕ್ಕುಗಟ್ಟುತ್ತದೆ. ತಂತಿ ಹೆಚ್ಚಾಗಿ ಹಾಳಾಗುವುದು ಫೋನಿಗೆ ಚುಚ್ಚುವ ಪಿನ್ನಿನ ಬುಡದಲ್ಲಿ, ಹಾಗಾಗಿ ಕಳಚಿ ಬದಲಾಯಿಸಬಹುದಾದ ತಂತಿ ನನ್ನ ಮಟ್ಟಿಗೆ ಯಾವ ಚೀಲಕ್ಕಿಂತಲೂ ದೊಡ್ಡದು. ತಂತಿ ಇಯರ್‌ಫೋನಿಗೆ ಸೇರುವ ಕಡೆ 0.78 ಮಿಲಿಮೀಟರ್ ದಪ್ಪದ ಎರಡು ಪಿನ್ನಿನ ಜೋಡಣೆಯಿದ್ದರೆ ಬದಲಿ ತಂತಿ ಸುಲಭವಾಗಿ ಸಿಗುತ್ತದೆ.

ಡಬ್ಬಿಯ ಮೇಲೆ ನಿಜವಾಗಿ ನೋಡಬೇಕಾದದ್ದು ಹಿಂಬದಿಯ ಚೀಟಿ. 2011ರ ಪೊಟ್ಟಣ ಸರಕುಗಳ ನಿಯಮದ ಪ್ರಕಾರ ಹೊರದೇಶದಿಂದ ಬಂದ ಮಾಲಿನ ಮೇಲೆ ಆಮದು ಮಾಡಿದವರ ಹೆಸರು, ವಿಳಾಸ, ಗರಿಷ್ಠ ಮಾರಾಟ ಬೆಲೆ ಮತ್ತು ದೂರು ಹೇಳಲು ಸಂಪರ್ಕ ವಿವರ ಇರಲೇಬೇಕು. ಆ ಚೀಟಿ ಇಲ್ಲದಿದ್ದರೆ ವಾರಂಟಿ ಕೇಳಲು ಯಾರ ಬಾಗಿಲು ತಟ್ಟುತ್ತೀರಿ?

ಸಣ್ಣ ಪೆಟ್ಟಿಗೆಯದರ ಮೂರು ಜೊತೆ ಮೂರು ಬೇರೆ ಅಳತೆಯವು, ತಂತಿಯನ್ನೂ ಕಳಚಬಹುದು ಎಂದು ನೀವೇ ಬರೆದಿದ್ದೀರಿ. ಅದನ್ನೇ ತೆಗೆದುಕೊಳ್ಳಿ. ಬಂದ ದಿನ ಸಂಜೆಯೇ ಮೂರನ್ನೂ ಎರಡೂ ಕಿವಿಗಳಿಗೆ ಬೇರೆಬೇರೆಯಾಗಿ ಹಾಕಿ ನೋಡಿ, ಮತ್ತು ಹಿಂದಿರುಗಿಸುವ ಅವಧಿ ಮುಗಿಯುವವರೆಗೆ ಆ ರಟ್ಟಿನ ಪೆಟ್ಟಿಗೆಯನ್ನು ಎಸೆಯಬೇಡಿ.