ಆಸಕ್ತಿ ಮೊದಲೋ, ಅಂಕ ಮೊದಲೋ?

ಮಕ್ಕಳ ಓದು, ಉತ್ಸಾಹ ಮತ್ತು ಕಲಿಕೆಯ ಸಾಧನೆಯನ್ನು ಕುರಿತು ಬಂದ ಪತ್ರಗಳಲ್ಲಿ ನಾಲ್ಕನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಎಂಟನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳು ಮೊದಲು ಗಣಿತದಲ್ಲಿ ಚೆನ್ನಾಗಿಯೇ ಇದ್ದಳು. ಈಗ ಪುಸ್ತಕ ತೆರೆಯುವುದಕ್ಕೂ ಬೇಸರಪಡುತ್ತಾಳೆ, ಕೇಳಿದರೆ ಆಸಕ್ತಿಯೇ ಇಲ್ಲ ಎನ್ನುತ್ತಾಳೆ. ಆಸಕ್ತಿ ಮೂಡಿದರೆ ಅಂಕ ತಾನಾಗಿಯೇ ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅದನ್ನು ಮೂಡಿಸುವುದು ಹೇಗೆ? (ಒಬ್ಬ ತಾಯಿ)

ಉತ್ತರ: ಎಲ್ಲರೂ ಹೇಳುವ ಆ ಕ್ರಮವನ್ನೇ ಮೊದಲು ಸ್ವಲ್ಪ ಅನುಮಾನದಿಂದ ನೋಡಬೇಕಾಗಿದೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಪ್ರಾಥಮಿಕ ಶಾಲಾ ಮಕ್ಕಳನ್ನು ಕೆಲವು ವರ್ಷಗಳ ಕಾಲ ಗಮನಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಗಣಿತದಲ್ಲಿನ ಮೊದಲಿನ ಸಾಧನೆಯಿಂದ ನಂತರದ ಆಸಕ್ತಿಯನ್ನು ಊಹಿಸಲು ಸಾಧ್ಯವಾಯಿತೇ ಹೊರತು, ಮೊದಲಿನ ಆಸಕ್ತಿಯಿಂದ ನಂತರದ ಸಾಧನೆಯನ್ನು ಊಹಿಸಲು ಆಗಲಿಲ್ಲ. ಒಂದು ಅಧ್ಯಯನವನ್ನು ಹಿಡಿದು ಎಲ್ಲ ವಯಸ್ಸಿನ ಮಕ್ಕಳ ಬಗ್ಗೆಯೂ ತೀರ್ಪು ಕೊಡಲಾಗದು. ಬೆಳೆದ ಮಕ್ಕಳಲ್ಲಿ ಇವೆರಡೂ ಒಂದನ್ನೊಂದು ಎತ್ತುತ್ತವೆ, ಒಂದನ್ನೊಂದು ಕೆಡವುತ್ತಲೂ ಇರುತ್ತವೆ. ಆದರೂ ಕೈಗೆ ಬಂದ ವಿಷಯದ ಮೇಲೆ ಮನಸ್ಸು ಕೂರುತ್ತದೆ, ಕೈತಪ್ಪಿದ ವಿಷಯದಿಂದ ಮನಸ್ಸು ಸರಿಯುತ್ತದೆ ಎಂಬುದನ್ನು ಪಾಠ ಹೇಳುವವರೆಲ್ಲ ಬಲ್ಲರು. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರವೂ, ‘ಇದು ನನ್ನಿಂದ ಆಗುತ್ತದೆ’ ಎಂಬ ನಂಬಿಕೆಗೆ ಅತ್ಯಂತ ಬಲವಾದ ಆಧಾರ ತಾನೇ ಮಾಡಿ ಗೆದ್ದ ಅನುಭವ. ಇತರರು ಹೇಳುವ ಧೈರ್ಯದ ಮಾತಿಗೆ ಅಷ್ಟು ಶಕ್ತಿಯಿಲ್ಲ.

ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ‘ನನಗೆ ತಿಳಿಯುತ್ತಿಲ್ಲ’ ಎಂದು ಒಪ್ಪಿಕೊಳ್ಳುವುದಕ್ಕಿಂತ ‘ನನಗೆ ಆಸಕ್ತಿಯಿಲ್ಲ’ ಎಂದು ಹೇಳುವುದರಲ್ಲಿ ಮರ್ಯಾದೆ ಉಳಿಯುತ್ತದೆ. ಆದ್ದರಿಂದ ಮಗಳ ಮಾತನ್ನು ಅಕ್ಷರಶಃ ತೆಗೆದುಕೊಳ್ಳದೆ ಅವಳ ನೋಟ್‌ಬುಕ್‌ನ್ನು ತೆಗೆದು ನೋಡಿ. ಎಂಟನೆಯ ತರಗತಿಯ ಬೀಜಗಣಿತದಲ್ಲಿ ತಡವರಿಸುವ ಹಲವು ಮಕ್ಕಳು ನಿಜವಾಗಿ ಎಡವಿರುವುದು ಕೆಳಗಿನ ತರಗತಿಯ ಭಿನ್ನರಾಶಿಯಲ್ಲಿ. 1/2ಕ್ಕೆ 1/3 ಕೂಡಿಸಿ 2/5 ಎಂದು ಬರೆದಿದ್ದಾಳೆ ಎಂದಿಟ್ಟುಕೊಳ್ಳಿ. ಮೇಲಿನ ಅಂಕಿಗಳನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕೂಡಿಸಿದ್ದಾಳೆ. ತಪ್ಪಾದರೂ ಅದರ ಹಿಂದೆ ಒಂದು ತರ್ಕವಿದೆ. ಅದರ ಮೇಲೆ ಕೆಂಪು ಗೆರೆ ಎಳೆದರೆ ಅವಳಿಗೆ ತಿಳಿಯುವುದು ತಪ್ಪಾಯಿತು ಎಂಬುದಷ್ಟೇ. ‘2/5 ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ? ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಹೇಗಾಯಿತು?’ ಎಂದು ಕೇಳಿದರೆ ಅವಳೇ ಪೆನ್ಸಿಲ್ ಎತ್ತಿಕೊಂಡು ಹಿಂದಕ್ಕೆ ಹೋಗುತ್ತಾಳೆ. ಛೇದಗಳನ್ನು ಸಮ ಮಾಡಿಕೊಂಡು 5/6 ಎಂಬ ಉತ್ತರಕ್ಕೆ ಅವಳಾಗಿಯೇ ತಲುಪುವಂತೆ ಬಿಡಿ, ಹೊತ್ತು ಹಿಡಿದರೂ ಚಿಂತೆಯಿಲ್ಲ.

ಇನ್ನೊಂದು ಸಂಗತಿಯನ್ನೂ ವಿಚಾರಿಸಿ. ಅವಳು ಈಚೆಗೆ ಶಾಲೆಯನ್ನೋ ವಿಭಾಗವನ್ನೋ ಬದಲಿಸಿದ್ದಾಳೆಯೇ? ತುಂಬಾ ಚುರುಕಾದವರೇ ತುಂಬಿರುವ ತರಗತಿಗೆ ಸೇರಿದ ಮಗು, ತನ್ನ ಸಾಮರ್ಥ್ಯ ಕುಗ್ಗದಿದ್ದರೂ, ಸುತ್ತಲಿನವರಿಗೆ ಹೋಲಿಸಿಕೊಂಡು ತನ್ನ ಬಗ್ಗೆ ಕೀಳಾಗಿ ಭಾವಿಸತೊಡಗುತ್ತದೆ. ಹರ್ಬರ್ಟ್ ಮಾರ್ಷ್ ಮತ್ತು ಸಂಗಡಿಗರ ಸಂಶೋಧನೆಗಳು ಇದನ್ನು ಹಲವು ದೇಶಗಳಲ್ಲಿ ಗುರುತಿಸಿವೆ. ಒಳ್ಳೆಯ ವಿಭಾಗಕ್ಕೆ ಸೇರಿಸಿದೆವೆಂದು ಹೆಮ್ಮೆಪಡುವ ಪೋಷಕರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಕಡಿಮೆ.

ಪ್ರಶ್ನೆ: ಈ ಸಲ ಶೇಕಡ 90 ಅಂಕ ತೆಗೆದರೆ ಸೈಕಲ್ ಕೊಡಿಸುತ್ತೇನೆ ಎಂದು ಮಗನಿಗೆ ಮಾತು ಕೊಟ್ಟಿದ್ದೇನೆ. ನನ್ನ ಹೆಂಡತಿ ಇದು ಲಂಚ ಎನ್ನುತ್ತಾಳೆ. ನಿಮ್ಮ ಅಭಿಪ್ರಾಯವೇನು? (ಒಬ್ಬ ತಂದೆ)

ಉತ್ತರ: ಲಂಚ ಎಂಬ ಮಾತು ಕಟುವಾಯಿತು, ಆದರೆ ಅವರ ಆತಂಕಕ್ಕೆ ಕಾರಣವಿಲ್ಲದಿಲ್ಲ. ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು 1973ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಚಿತ್ರ ಬಿಡಿಸುವುದನ್ನು ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ ಚಿತ್ರ ಬಿಡಿಸಿದರೆ ಪ್ರಶಸ್ತಿಪತ್ರ ಕೊಡುವುದಾಗಿ ಮೊದಲೇ ಹೇಳಲಾಗಿತ್ತು. ಕೆಲವು ದಿನಗಳ ನಂತರ, ಬಹುಮಾನದ ಮಾತೇ ಇಲ್ಲದ ಬಿಡುವಿನ ವೇಳೆಯಲ್ಲಿ, ಆ ಮಕ್ಕಳು ಚಿತ್ರಕ್ಕೆ ಕೊಟ್ಟ ಸಮಯ ಉಳಿದವರು ಕೊಟ್ಟದ್ದರ ಸುಮಾರು ಅರ್ಧದಷ್ಟಿತ್ತು. ಅನಿರೀಕ್ಷಿತವಾಗಿ ಬಹುಮಾನ ಪಡೆದವರಲ್ಲಿ ಇಂಥ ಇಳಿಕೆ ಕಾಣಲಿಲ್ಲ. ಆದ್ದರಿಂದ ಮಗನಿಗೆ ಈಗಾಗಲೇ ಇಷ್ಟವಿರುವ ವಿಷಯದ ಮೇಲೆ ಬಹುಮಾನ ಕಟ್ಟಬೇಡಿ.

ಬೇಸರದ ಕೆಲಸವನ್ನು ಆರಂಭಿಸಲು ಒಂದು ಸಣ್ಣ ಬಹುಮಾನ ನೆರವಾಗಬಹುದು. ಆದರೆ ಶೇಕಡ 90 ಎಂಬುದು ತಿಂಗಳುಗಳಾಚೆ ಇರುವ ಫಲ, ಅದಕ್ಕಾಗಿ ನಾಳೆ ಸಂಜೆ ಏನು ಮಾಡಬೇಕೆಂಬುದು ಹುಡುಗನಿಗೆ ಗೊತ್ತಿರುವುದಿಲ್ಲ. ಅರ್ಥಶಾಸ್ತ್ರಜ್ಞ ರೋಲಂಡ್ ಫ್ರೈಯರ್ ಅಮೆರಿಕದ ನಗರಗಳಲ್ಲಿ ನಡೆಸಿ 2011ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಅಂಕಗಳಿಗೆ ಹಣ ಕೊಟ್ಟ ಕಡೆ ಕಲಿಕೆ ಹೆಚ್ಚಿದ್ದು ಕಾಣಲಿಲ್ಲ. ಪುಸ್ತಕ ಓದಿ ಮುಗಿಸಿದ್ದಕ್ಕೆ ಹಣ ಕೊಟ್ಟ ಕಡೆಯೂ ಸ್ಪಷ್ಟ ಸುಧಾರಣೆ ಕಂಡದ್ದು ಇಂಗ್ಲಿಷ್ ಮಾತಾಡುವ ಮಕ್ಕಳಲ್ಲಿ ಮಾತ್ರ. ನೀವು ಮಾತು ಕೊಟ್ಟಾಗಿದೆ, ತಪ್ಪಬೇಡಿ. ಷರತ್ತನ್ನು ಮಾತ್ರ ಮಗನೊಡನೆ ಕುಳಿತು ಬದಲಿಸಿ: ಅಂಕದ ಬದಲು, ಅವನ ಕೈಯಲ್ಲೇ ಇರುವ ದಿನದ ಅಭ್ಯಾಸಕ್ಕೆ ಅದು ಕಟ್ಟುಬೀಳಲಿ.

ಪ್ರಶ್ನೆ: ನಾನು ಶಿಕ್ಷಕಿ. ಮನೆಯಲ್ಲಿ ಓದುವ ಜಾಗವಿಲ್ಲ, ಹೇಳಿಕೊಡುವವರಿಲ್ಲ ಎನ್ನುವ ಮಕ್ಕಳೇ ನನ್ನ ತರಗತಿಯಲ್ಲಿ ಹೆಚ್ಚು. ಅವರ ಹಣೆಬರಹವನ್ನು ಮನೆಯೇ ಬರೆದಿರುವಾಗ ನನ್ನಿಂದ ಏನಾದೀತು?

ಉತ್ತರ: ಮನೆಯ ಪ್ರಭಾವ ದೊಡ್ಡದೆಂಬುದನ್ನು ಅಲ್ಲಗಳೆಯಲಾಗದು. ಅಮೆರಿಕದಲ್ಲಿ ಆರು ಲಕ್ಷದಷ್ಟು ವಿದ್ಯಾರ್ಥಿಗಳನ್ನು ಒಳಗೊಂಡು 1966ರಲ್ಲಿ ಹೊರಬಂದ ಜೇಮ್ಸ್ ಕೋಲ್‌ಮನ್ ಅವರ ವರದಿ, ಶಾಲೆಯ ಸೌಲಭ್ಯಗಳಿಗಿಂತ ಕುಟುಂಬದ ಹಿನ್ನೆಲೆಗೇ ಸಾಧನೆಯೊಂದಿಗೆ ಹೆಚ್ಚಿನ ನಂಟಿದೆ ಎಂದು ತೋರಿಸಿ ಗದ್ದಲವೆಬ್ಬಿಸಿತು. ನಂತರದ ಸಂಶೋಧನೆಗಳು ಒಂದೇ ಶಾಲೆಯೊಳಗೂ ಶಿಕ್ಷಕರಿಂದ ಶಿಕ್ಷಕರಿಗೆ ಮಕ್ಕಳ ಕಲಿಕೆಯಲ್ಲಿ ಗಣನೀಯ ವ್ಯತ್ಯಾಸವಾಗುವುದನ್ನು ಕಂಡುಕೊಂಡಿವೆ. ಹಣೆಬರಹ ಎಂಬಷ್ಟು ಕಠಿಣವಾದುದು ಇಲ್ಲಿ ಯಾವುದೂ ಇಲ್ಲ.

ನಿಮ್ಮ ಕೈಯಲ್ಲಿರುವ ಒಂದು ಸಾಧನ, ತಿದ್ದಿದ ಉತ್ತರಪತ್ರಿಕೆ. ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವು ಮಕ್ಕಳಿಗೆ ಬರೀ ಅಂಕ, ಕೆಲವರಿಗೆ ಬರೀ ಟಿಪ್ಪಣಿ, ಉಳಿದವರಿಗೆ ಎರಡನ್ನೂ ಕೊಡಲಾಯಿತು. ಆಸಕ್ತಿಯೂ ಸಾಧನೆಯೂ ಚೆನ್ನಾಗಿದ್ದದ್ದು ಬರೀ ಟಿಪ್ಪಣಿ ಪಡೆದವರಲ್ಲಿ. ಎರಡನ್ನೂ ಪಡೆದವರಿಗೆ ಟಿಪ್ಪಣಿಯಿಂದ ಆ ಲಾಭ ದಕ್ಕಲಿಲ್ಲ. ಅಂಕ ಕಂಡೊಡನೆ ಕಣ್ಣು ಪಕ್ಕದವನ ಹಾಳೆಗೆ ಹೋಗುತ್ತದೆಯಲ್ಲವೇ! ಕಿರುಪರೀಕ್ಷೆಗಳಲ್ಲಾದರೂ ಅಂಕವನ್ನು ನಿಮ್ಮ ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಮಗುವಿನ ಹಾಳೆಯಲ್ಲಿ ಮುಂದೆ ಮಾಡಬೇಕಾದ ಒಂದೇ ಕೆಲಸವನ್ನು ಸ್ಪಷ್ಟವಾಗಿ ಬರೆಯಿರಿ, ಮತ್ತು ಅದನ್ನು ಮಾಡಲು ತರಗತಿಯಲ್ಲೇ ಹತ್ತು ನಿಮಿಷ ಬಿಡಿ. ಮನೆಯಲ್ಲಿ ಜಾಗವಿಲ್ಲದ ಮಗುವಿಗೆ ಆ ಹತ್ತು ನಿಮಿಷ ಇನ್ನೆಲ್ಲೂ ಸಿಗುವುದಿಲ್ಲ.

ಪ್ರಶ್ನೆ: ರಾತ್ರಿ ಒಂದು ಗಂಟೆಯವರೆಗೂ ಓದುತ್ತೇನೆ, ಒಂದೇ ಪಾಠವನ್ನು ನಾಲ್ಕೈದು ಸಲ ತಿರುವಿಹಾಕುತ್ತೇನೆ. ಆದರೂ ಅಂಕ ಏರದೆ ಓದುವ ಹುಮ್ಮಸ್ಸೇ ಹೋಗಿದೆ. (ಒಬ್ಬ ವಿದ್ಯಾರ್ಥಿ)

ಉತ್ತರ: ನಿಮ್ಮ ಶ್ರಮದಲ್ಲಿ ಕೊರತೆಯಿಲ್ಲ, ವಿಧಾನ ಬದಲಾಗಬೇಕು. ರೋಡಿಗರ್ ಮತ್ತು ಕಾರ್ಪಿಕೆ ಅವರ 2006ರ ಪ್ರಯೋಗದಲ್ಲಿ ಒಂದು ಗದ್ಯಭಾಗವನ್ನು ನಾಲ್ಕು ಅವಧಿಗಳಲ್ಲಿ ಓದಿದವರು ವಾರದ ನಂತರ ನೆನಪಿಟ್ಟುಕೊಂಡದ್ದು ಶೇಕಡ 40ರಷ್ಟು. ಒಂದು ಅವಧಿಯಲ್ಲಿ ಓದಿ, ಮೂರು ಸಲ ಪುಸ್ತಕ ನೋಡದೆ ಬರೆದವರು ಶೇಕಡ 60ರಷ್ಟು. ಪರೀಕ್ಷೆ ಐದು ನಿಮಿಷದಲ್ಲೇ ನಡೆದಾಗ ಮಾತ್ರ ಓದಿದವರೇ ಮುಂದಿದ್ದರು, ಚೆನ್ನಾಗಿ ನೆನಪಿರುತ್ತದೆ ಎಂಬ ಭರವಸೆಯೂ ಅವರಿಗೇ ಹೆಚ್ಚಿತ್ತು. ತಿರುವಿಹಾಕುವಾಗ ನಿಮಗಾಗುವ ‘ಎಲ್ಲ ಗೊತ್ತಿದೆ’ ಎಂಬ ಭಾವನೆ ಇದೇ.

13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ರೆ ಬೇಕೆಂಬುದು ನಿದ್ರಾತಜ್ಞರ ಶಿಫಾರಸು, ಹಾಗಾಗಿ ಒಂದು ಗಂಟೆಯವರೆಗಿನ ಓದನ್ನು ನಿಲ್ಲಿಸಿ. ಪಾಠವನ್ನು ಒಮ್ಮೆ ಗಮನವಿಟ್ಟು ಓದಿ, ಪುಸ್ತಕ ಮುಚ್ಚಿ, ನೆನಪಿರುವಷ್ಟನ್ನು ಬಿಳಿ ಹಾಳೆಯಲ್ಲಿ ಬರೆಯಿರಿ. ನಂತರ ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ಬೇರೆ ಶಾಯಿಯಲ್ಲಿ ತುಂಬಿ. ಎರಡು ದಿನ ಬಿಟ್ಟು ಮತ್ತೆ ಬರೆಯುವಾಗ, ಮೊದಲ ಸಲವೇ ಸರಿಯಾಗಿ ನೆನಪಾದ ಭಾಗಗಳನ್ನೂ ಕೈಬಿಡದೆ ಬರೆಯಿರಿ, ಏಕೆಂದರೆ ಒಮ್ಮೆ ನೆನಪಾಯಿತೆಂದು ಬಿಟ್ಟದ್ದೇ ವಾರದೊಳಗೆ ಮರೆತುಹೋಗುತ್ತದೆ.