ಅಜ್ಜಿ ಕಿತ್ತೆಸೆದ ಕಳೆಯಿಂದ ಶುರುಮಾಡಿ

ಪ್ರಿಯ ಮಿತ್ರರೇ,

‘ರಾಗಿಯ ತವರು ಕನ್ನಡನಾಡು’ ಲೇಖನ ತಲುಪಿತು. ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ನಾಲ್ಕನೇ ಪುಟದ ಒಂದು ಪ್ಯಾರಾ ಬಿಡಲು ಮನಸ್ಸು ಬರಲಿಲ್ಲ, ಅದಕ್ಕೇ ಈ ಪತ್ರ.

ಮೊದಲು ತಕರಾರು. ರಾಗಿ ಇಲ್ಲೇ ಹುಟ್ಟಿತು ಅನ್ನಲು ನೀವು ಕೊಡುವ ಆಧಾರ ಎರಡೇ: ರಾಮಧಾನ್ಯ ಚರಿತ್ರೆ ಮತ್ತು ಹಾವೇರಿ ಜಿಲ್ಲೆಯ ಹಳ್ಳೂರಿನ ಉತ್ಖನನ. ರಾಮಧಾನ್ಯ ಚರಿತ್ರೆ ಬರೆದ ಕನಕದಾಸರು 16ನೇ ಶತಮಾನದವರು. ನರೆದಲೆಗನನ್ನೂ (ರಾಗಿ) ವ್ರೀಹಿಯನ್ನೂ (ಭತ್ತ) ಆರು ತಿಂಗಳು ಸೆರೆಯಲ್ಲಿಟ್ಟು, ಕೆಡದೆ ಉಳಿದ ರಾಗಿಯನ್ನು ರಾಮ ಮೆಚ್ಚಿದ ಕತೆ ಅದು. ರಾಗಿ ಉಣ್ಣುವವರನ್ನು ಯಾರು ಹೀಗಳೆಯುತ್ತಿದ್ದರು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಾರದು. (ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಣಜದಲ್ಲಿ, ಇಟ್ಟ ರಾಗಿ ವರ್ಷಗಟ್ಟಲೆ ಹಾಳಾಗದು ಎಂಬುದೂ ಕವಿಗೆ ಗೊತ್ತಿದ್ದಿರಬೇಕು.) ತ್ರೇತಾಯುಗದ ಬೇಸಾಯಕ್ಕೆ ಮಾತ್ರ ಅವರನ್ನು ಸಾಕ್ಷಿಗೆ ಎಳೆಯಬೇಡಿ.

ಹಳ್ಳೂರಿನ ಮಾತು ಸ್ವಲ್ಪ ಸೂಕ್ಷ್ಮ. ಅಲ್ಲಿ ಹಳೆಯ ಕಾಲದ ರಾಗಿ ಸಿಕ್ಕಿತೆಂದು ಮೊದಲು ಬರೆದದ್ದು ನಿಜ. ಆದರೆ ಸುಟ್ಟು ಕರಿಕಾದ ಸಣ್ಣ ಕಾಳು, ಸಿಪ್ಪೆ ಹೋದ ಮೇಲೆ, ರಾಗಿಯೋ ಬೇರೆ ಸಿರಿಧಾನ್ಯವೋ ಹೇಳುವುದು ಸುಲಭವಲ್ಲ. ಆಮೇಲೆ ಪರೀಕ್ಷಿಸಿದವರು ನಮ್ಮ ದೇಶದ ಇಂಥ ಹಲವು ಗುರುತುಗಳನ್ನು ಒಪ್ಪಲಿಲ್ಲ. ಬಳ್ಳಾರಿ ಬಳಿಯ ಸಂಗನಕಲ್ಲಿನ ಕಡೆ, ಬೂದಿದಿಬ್ಬಗಳ ಕಾಲದ (ಹೊಸ ಶಿಲಾಯುಗದ) ಜನ ನಿಜವಾಗಿ ತಿಂದದ್ದು ಕೊರಲೆ ಎಂಬ ಸಿರಿಧಾನ್ಯ, ಹುರುಳಿ, ಹೆಸರು. ಈ ನೆಲದ ಕೊರಲೆಗೆ ನಿಮ್ಮ ಲೇಖನದಲ್ಲಿ ಅರ್ಧ ಸಾಲೂ ಇಲ್ಲ. ಪಾಪ, ಅದಕ್ಕೂ ಒಬ್ಬ ವಕೀಲ ಬೇಕು.

ರಾಗಿಯ ಪೂರ್ವಜ ಎಲ್ಲಿ ತಾನಾಗಿ ಬೆಳೆಯುತ್ತದೆ ಎಂದು ಕೇಳಿದ್ದರೆ ದಾರಿ ಸಿಗುತ್ತಿತ್ತು. ಆ ಕಾಡು ರಾಗಿ ಇಥಿಯೋಪಿಯಾ, ಉಗಾಂಡಾ ಕಡೆಯ ಪೂರ್ವ ಆಫ್ರಿಕಾದ ಎತ್ತರದ ಸೀಮೆಯದು. ಮಾಗಿದೊಡನೆ ಕಾಳು ಉದುರಿಸಿಬಿಡುವುದು ಅದರ ಗುಣ. ತೆನೆ ಕೊಯ್ದು ತಂದವರ ಮನೆ ಸೇರಿದ್ದು ಹೆಚ್ಚಾಗಿ ಉದುರದೆ ಉಳಿದ ಕಾಳು. ಮರುವರ್ಷ ಅದನ್ನೇ ಬಿತ್ತಿದರು. ತಲೆಮಾರುಗಳು ಹೀಗೇ ನಡೆದು, ತಾನಾಗಿ ಬೀಜ ಚೆಲ್ಲಲಾರದ, ಕಣದಲ್ಲಿ ಬಡಿಯುವವರಿಲ್ಲದೆ ಬಾಳಲಾರದ ಬೆಳೆಯಾಯಿತು. ಇಷ್ಟು ದೊಡ್ಡ ಕತೆಯನ್ನು ನೀವು ‘ಆದಿಮಾನವ ಹುಲ್ಲನ್ನು ಪಳಗಿಸಿದ’ ಎಂದು ಒಂದೇ ಸಾಲಿನಲ್ಲಿ ಮುಗಿಸಿ, ‘ಚಿನ್ನದ ತೆನೆ’ಗೆ ಒಂದೂವರೆ ಪುಟ ಕೊಟ್ಟಿದ್ದೀರಿ.

ಇನ್ನು ಆ ಪ್ಯಾರಾ. ರಾಗಿ ಹೊಲದಲ್ಲಿ ರಾಗಿಯಂತೆಯೇ ಕಾಣುವ ಕಳೆಯೊಂದನ್ನು ಅಜ್ಜಿ ಗುರುತು ಹಿಡಿದು ಕೀಳುತ್ತಿದ್ದರು, ನೀವು ಕಿತ್ತರೆ ರಾಗಿಯೇ ಬರುತ್ತಿತ್ತು, ಬೈಸಿಕೊಳ್ಳುತ್ತಿದ್ದಿರಿ ಎಂದಿದ್ದೀರಿ. ನಿಮ್ಮ ವರ್ಣನೆ ನೋಡಿದರೆ ಅದು ಎಲೂಸಿನ್ ಇಂಡಿಕಾ ಎಂಬ ಹುಲ್ಲು ಇರಬೇಕು. ಅದರ ವರ್ಣತಂತು 18, ರಾಗಿಯದು 36. ಈ ಕಳೆಯ ಕುಲವೂ ಇನ್ನೊಂದು ಹುಲ್ಲಿನ ಕುಲವೂ ಹಿಂದೆಂದೋ ಕೂಡಿ ಹುಟ್ಟಿದ್ದೇ ರಾಗಿಯ ಪೂರ್ವಜ. ಅಂದರೆ ಅಜ್ಜಿ ಬದುವಿಗೆ ಎಸೆಯುತ್ತಿದ್ದದ್ದು ರಾಗಿಯ ಹತ್ತಿರದ ನೆಂಟನನ್ನು! ಇದನ್ನು ನಾಲ್ಕನೇ ಪುಟದಲ್ಲಿ ಹೂತಿಟ್ಟಿದ್ದೀರಲ್ಲ?

ಮತ್ತೊಂದು. ತಂದೆ ಇಂಡಾಫ್ ಬಿತ್ತುತ್ತಿದ್ದರು ಎಂದು ಸುಮ್ಮನೆ ಹೇಳಿ ಮುಂದೆ ಹೋಗಿದ್ದೀರಿ. ಮಂಡ್ಯದಲ್ಲಿ ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ವಿಜ್ಞಾನಿ ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯೊಡನೆ ಕೂಡಿಸಿ ತೆಗೆದ ತಳಿಗಳವು. ಇಂಡಿಯಾ, ಆಫ್ರಿಕಾ ಎರಡೂ ಸೇರಿ ಇಂಡಾಫ್. ತವರಿನ ವಿಳಾಸ ನಿಮ್ಮ ಮನೆಯ ಬಿತ್ತನೆ ಚೀಲದ ಮೇಲೇ ಇತ್ತು.

ಅಜ್ಜಿ ಇದ್ದರೆ ಎರಡು ವಿಷಯ ಕೇಳಿ ಬನ್ನಿ: ಆ ಕಳೆಗೆ ನಿಮ್ಮೂರಲ್ಲಿ ಏನು ಹೆಸರು, ತೆನೆ ಬರುವ ಮೊದಲೇ ಅದನ್ನು ಗುರುತಿಸುತ್ತಿದ್ದದ್ದು ಬುಡ ನೋಡಿಯೋ ಎಲೆ ನೋಡಿಯೋ. 900 ಪದಗಳೊಳಗೆ ಮತ್ತೆ ಬರೆದು ಕಳಿಸಿ. ಶೀರ್ಷಿಕೆ ಬದಲಿಸಿ.

ವಿಶ್ವಾಸದಿಂದ,
ಸಂಪಾದಕ